ನೆಟ್ಟಗಿನ ಗೋಪುರ

ಊರಿನ ಗಡಿಯಾರ ಗೋಪುರದ ಚಿತ್ರ ಎಂದರೆ ನಮ್ಮಪ್ಪ ತೆಗೆದದ್ದೇ. ಪುರಸಭೆಯ ಕ್ಯಾಲೆಂಡರಿಗಾಗಿ ಪ್ರತಿ ವರ್ಷ ಅಂಚೆ ಕಚೇರಿಯ ಮುಂದಿನ ಅದೇ ಕಲ್ಲಿನ ಮೇಲೆ ಸ್ಟ್ಯಾಂಡ್ ನಿಲ್ಲಿಸಿ, ಅದೇ ಗೋಪುರವನ್ನು ಅದೇ ಕಡೆಯಿಂದ ತೆಗೆಯುತ್ತಾನೆ. ನಾನು ಅವನ ಸ್ಟುಡಿಯೋದಲ್ಲೇ ಬೆಳೆದವಳು. ಆ ಚಿತ್ರ ನೋಡಿ ನೋಡಿ ನನಗೆ ಸಾಕುಸಾಕಾಗಿತ್ತು.

ಈ ಸಲ ಹೊಸ ಬಗೆಯದ್ದನ್ನು ನಾನೇ ಮಾಡುವೆನೆಂದು ಹಟ ಹಿಡಿದೆ. ಅಷ್ಟೂ ವರ್ಷಗಳ ನೆಗೆಟಿವ್‌ಗಳನ್ನು ಒಂದೇ ಹಾಳೆಯ ಮೇಲೆ ಒಂದರ ಮೇಲೊಂದು ಮೂಡಿಸುವುದು. ಜನ, ಗಾಡಿ, ಮೋಡ ಎಲ್ಲ ಕರಗಿ ಮಂಜಾಗಬೇಕು. ಗೋಪುರವೊಂದೇ ಗಟ್ಟಿಯಾಗಿ ನಿಲ್ಲಬೇಕು.

"ಕಲಸುಮೇಲೋಗರ ಆಗುತ್ತೆ ನೋಡ್ತಿರು," ಎಂದ ಅಪ್ಪ. "ಆಮೇಲೆ ಲೆನ್ಸ್ ಸರಿಯಿಲ್ಲ ಅಂತ ನನ್ನ ಹತ್ರ ಬರ್ಬೇಡ. ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ."

ಈ ಗಾದೆ ಅವನ ಬಾಯಲ್ಲಿ ದಿನಕ್ಕೆರಡು ಸಲ ಬರುತ್ತದೆ. ನಾನು ಕತ್ತಲೆ ಕೋಣೆ ಸೇರಿದೆ.

ನೆಗೆಟಿವ್‌ಗಳನ್ನು ಹೊಂದಿಸಲು ಗುರುತು ಬೇಕಲ್ಲ, ಗೋಪುರದ ಪಕ್ಕದ ಬ್ಯಾಂಕಿನ ಕಂಬಗಳನ್ನು ಹಿಡಿದೆ. ಅಪ್ಪ ಅಚ್ಚು ಹಾಕುವಾಗ ಅವನ್ನು ಯಾವಾಗಲೂ ಕತ್ತರಿಸಿಬಿಡುತ್ತಾನೆ. ಹಾಳೆಯನ್ನು ದ್ರಾವಣದ ತಟ್ಟೆಗೆ ಬಿಟ್ಟು ಕೆಂಪು ದೀಪದಲ್ಲಿ ಕಾದೆ. ಜನ ಮಂಜಾದರು. ಕಂಬಗಳು ಚೂರಿಯಿಂದ ಕೊರೆದ ಹಾಗೆ ಮೂಡಿದವು.

ಗೋಪುರ ಮಾತ್ರ ಬೀಸಣಿಗೆಯಂತೆ ಬಿಚ್ಚಿಕೊಂಡಿತು. ಬುಡ ಒಂದೇ, ತುದಿ ಹಲವು. ಪ್ರತಿ ವರ್ಷದ ಗೋಪುರ ಹಿಂದಿನ ವರ್ಷದ್ದಕ್ಕಿಂತ ಬಲಕ್ಕೆ ವಾಲಿತ್ತು.

ಆ ಗೋಪುರದ ಬುಡದ ಕೋಣೆಯಲ್ಲೇ ನಮ್ಮಕ್ಕನ ಗಡಿಯಾರ ರಿಪೇರಿ ಅಂಗಡಿ. ಬೆಳಗಿನಿಂದ ಸಂಜೆಯವರೆಗೆ ಅವಳು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಅಲ್ಲೇ ಕೂತಿರುತ್ತಾಳೆ.

ಅಪ್ಪನನ್ನು ಕೂಗಿದೆ. ಅವನು ತಟ್ಟೆಯ ಮೇಲೆ ಬಗ್ಗಿದವನು ಏಳಲೇ ಇಲ್ಲ.

"ಅಪ್ಪಾ, ನಿನ್ನ ಚಿತ್ರದಲ್ಲೆಲ್ಲ ಇದು ನೆಟ್ಟಗಿದೆಯಲ್ಲ?"

"ಅಚ್ಚು ಹಾಕುವಾಗ ನಾನೇ ಹಾಳೆ ಓರೆ ಮಾಡಿ ನೆಟ್ಟಗೆ ಮಾಡ್ತಿದ್ದೆ," ಎಂದ. "ವರ್ಷವರ್ಷಕ್ಕೂ ಜಾಸ್ತಿ ಓರೆ ಮಾಡ್ಬೇಕಾಗ್ತಿತ್ತು. ವಯಸ್ಸಾಯ್ತು, ಕ್ಯಾಮೆರಾ ಮಟ್ಟವಾಗಿ ನಿಲ್ಲಿಸೋಕೂ ಬರ್ತಿಲ್ಲ ಅಂದ್ಕೊಂಡೆ. ನಿಮಗೆ ಹೇಳೋಕೆ ನಾಚಿಕೆ ಆಯ್ತಮ್ಮ. ಹಾಳೆ ಓರೆ ಮಾಡಿದ್ರೆ ಕಂಬ ಸೊಟ್ಟ ಕಾಣ್ತವೆ ಅಂತ ಅವನ್ನೂ ಕತ್ತರಿಸ್ತಿದ್ದೆ."

ನನಗೆ ಸಿಟ್ಟು ಬರಬೇಕಿತ್ತು, ಅಳು ಬಂತು. ನೆಲವೇ ಡೊಂಕಾಗುತ್ತಿದ್ದರೂ ಈ ಮನುಷ್ಯ ತನ್ನ ಕಾಲನ್ನೇ ಬೈದುಕೊಂಡು ಕುಣಿದಿದ್ದ.

ಹಸಿ ಚಿತ್ರವನ್ನೇ ಹಿಡಿದು ಪುರಸಭೆಗೆ ಓಡಿದೆವು. ಅಧಿಕಾರಿ ಕನ್ನಡಕ ಏರಿಸಿ ನೋಡಿದರು.

"ಕೆಟ್ಟೋಗಿದೆಯಲ್ಲ ಯಜಮಾನ್ರೇ?"

"ಸ್ವಾಮಿ, ಚಿತ್ರ ಕೆಟ್ಟಿಲ್ಲ. ಗೋಪುರ ವಾಲ್ತಾ ಇದೆ."

ಅವರು ನಕ್ಕು ಗೋಡೆಯ ಮೇಲಿನ ಕ್ಯಾಲೆಂಡರ್ ತೋರಿಸಿದರು. "ನೀವೇ ತೆಗೆದದ್ದಲ್ವಾ? ದಾರ ಹಿಡಿದ ಹಾಗಿದೆ. ಇದನ್ನೂ ಹಾಗೇ ಸ್ವಲ್ಪ ನೆಟ್ಟಗೆ ಮಾಡಿ ತನ್ನಿ."

ಅಪ್ಪನದೇ ಚಿತ್ರ ಅವನ ವಿರುದ್ಧ ಸಾಕ್ಷಿ ಹೇಳುತ್ತಿತ್ತು. ನಾನು ಏನೋ ಹೇಳಲು ಹೊರಟಾಗ ಅವನು ಆಗಲೇ ಮೆಟ್ಟಿಲಿಳಿದು ಗೋಪುರದ ಚೌಕದತ್ತ ಓಡುತ್ತಿದ್ದ. ನಾನೂ ಬೆನ್ನು ಹತ್ತಿದೆ.

ಅಂಗಡಿಯಲ್ಲಿ ಅಕ್ಕ ತಲೆಯೆತ್ತಿದಳು. "ಏನಪ್ಪಾ, ಹೀಗೆ ಏದುಸಿರು ಬಿಡ್ತಿದೀಯ?"

"ಈಚೆ ಬಾ. ಮೊದಲು ಈಚೆ ಬಾ."

"ಇರು, ಈ ಬಾಗಿಲಿಗೆ ಕೀಲೆಣ್ಣೆ ಹಾಕ್ಬೇಕು. ಮರ ಉಬ್ಬಿದೆ ಅಂತ ನೀನೇ ಹೇಳಿದ್ಯಲ್ಲ, ಹೋದ ವಾರ ಬಡಗಿ ಕರೆಸಿ ಮತ್ತೆ ಹೆರೆಸಿದೆ. ಎಷ್ಟು ಸಲ ಅಂತ ಹೆರೆಸೋದು?"

ಅಪ್ಪ ಬಾಗಿಲನ್ನು ನೋಡಿದ. ಹೆರೆದು ಹೆರೆದು ಅದರ ಮೇಲಂಚು ಓರೆಯಾಗಿತ್ತು. ಕೈಯಲ್ಲಿದ್ದ ಚಿತ್ರದ ಓರೆಯೇ ಅದು. ಅವನು ಚೌಕದ ನಡುವೆ ಹೋಗಿ ಚಿತ್ರವನ್ನು ತಲೆಯ ಮೇಲೆತ್ತಿ ಹಿಡಿದ. ಜೀವಮಾನದಲ್ಲಿ ಯಾರೊಡನೆಯೂ ಜೋರಾಗಿ ಮಾತಾಡದವನು ಗಂಟಲು ಹರಿಯುವ ಹಾಗೆ ಕೂಗಿದ:

"ನೆಲಾನೇ ಡೊಂಕು ಕಣ್ರಪ್ಪಾ! ನಾನು ಸುಳ್ಳು ತೋರಿಸಿದ್ದೆ! ದೂರ ಬನ್ನಿ!"

ಜನ ನಿಂತು ನಕ್ಕರು. ಅಕ್ಕ ನಗಲಿಲ್ಲ. ಅರ್ಧ ಬಿಚ್ಚಿದ ಗಡಿಯಾರವನ್ನು ಕೈಯಲ್ಲೇ ಹಿಡಿದು ಹೊರಗೆ ಬಂದಳು. ಅಭ್ಯಾಸದಂತೆ ಬಾಗಿಲು ಎಳೆದಳು. ಹೋದ ವಾರ ಹೆರೆಸಿದ ಬಾಗಿಲು ಮುಚ್ಚಲಿಲ್ಲ.