ಹನುಮಪ್ಪನ ಪಕ್ಕದ ದಿಕ್ಸೂಚಿ

ಮೊದಲೇ ಹೇಳಿಬಿಡುತ್ತೇನೆ, ನನಗೆ ಬರುವುದು ಒಂದೇ ವಿದ್ಯೆ. ಉತ್ತರ ದಿಕ್ಕು ಯಾವ ಕಡೆ ಎಂದು ತೋರಿಸುವುದು. ಆ ಒಂದರಲ್ಲೂ ನಾನು ತಪ್ಪಿದೆ ಎನ್ನುತ್ತಾರೆ ಜನ. ತಪ್ಪಿದೆನೋ ಇಲ್ಲವೋ ನನಗಂತೂ ಇವತ್ತಿಗೂ ತಿಳಿದಿಲ್ಲ. ಕಥೆ ಪೂರ್ತಿ ಕೇಳಿ, ಆಮೇಲೆ ಬೇಕಾದರೆ ಬೈಯಿರಿ.

ನಾನು ವಿಮಾನದ ದಿಕ್ಸೂಚಿ. ಹುಟ್ಟಿದ್ದು ಸಮುದ್ರದಾಚೆಯ ಒಂದು ಕಾರ್ಖಾನೆಯಲ್ಲಿ. ಶಾಲೆಯ ಮಕ್ಕಳು ಚಿತ್ರ ಬರೆಯುತ್ತಾರಲ್ಲ, ಹಾಗೆ ನನಗೆ ಮುಳ್ಳಿಲ್ಲ. ಗಾಜಿನ ಬುರುಡೆ, ಅದರೊಳಗೆ ತೆಳುವಾದ ಎಣ್ಣೆ, ಎಣ್ಣೆಯಲ್ಲಿ ತೇಲುವ ಅಂಕಿಗಳ ಉಂಗುರ, ಉಂಗುರಕ್ಕೆ ಅಂಟಿದ ಪುಟ್ಟ ಅಯಸ್ಕಾಂತ. ಇಷ್ಟೇ ನನ್ನ ಸಂಸಾರ. ಎಣ್ಣೆ ತುಂಬಿ ಬಿರಡೆ ಬಿಗಿದ ಹೆಂಗಸು ನನ್ನನ್ನು ಮೇಜಿನ ಮೇಲಿಟ್ಟು ಒಮ್ಮೆ ತಿರುಗಿಸಿದಳು. ತೂಗಾಡಿದೆ. ಆಗ ಎಲ್ಲಿಂದಲೋ ಯಾರೋ ಮೆಲ್ಲಗೆ ಎಳೆದಂತಾಯಿತು, ಆ ಕಡೆಗೆ ಮುಖ ಮಾಡಿ ನಿಂತೆ. ಆ ಎಳೆತದ ಹೆಸರೇ ಉತ್ತರ ಎಂದು ಕಲಿತೆ. ಬೇರೆಯವರೂ ಎಳೆದಾರು ಎಂದು ಮಾತ್ರ ಯಾರೂ ಹೇಳಿಕೊಡಲಿಲ್ಲ.

ಮೊದಲು ನಾನು ಸೇರಿದ್ದು ಹತ್ತಿ ಹೊಲಕ್ಕೆ ಔಷಧಿ ಹೊಡೆಯುವ ವಿಮಾನ. ಅದರ ಪೈಲಟ್ ಮಹಾಶಯ ಕೆಳಗಿನ ರಸ್ತೆ ನೋಡಿಕೊಂಡೇ ಹಾರುತ್ತಿದ್ದ. ಒಂದು ದಿನವೂ ನನ್ನ ಮುಖ ನೋಡಲಿಲ್ಲ. ಔಷಧಿಯ ನಾತ ಬೇರೆ. ಆ ವಿಮಾನ ಗುಜರಿಗೆ ಹೋದಾಗ, ನನ್ನ ಪುಣ್ಯ, ನನ್ನನ್ನು ಬಿಚ್ಚಿ ಹುಬ್ಬಳ್ಳಿ ಕಡೆಯ ಒಂದು ವಿಮಾನ ತರಬೇತಿ ಕ್ಲಬ್ಬಿಗೆ ಮಾರಿದರು. ಅಲ್ಲಿಯ ಹಳೆಯ ಪುಟ್ಟ ವಿಮಾನದಲ್ಲಿ, ಮುಂದಿನ ಗಾಜಿನ ನಡುವೆ, ನನಗೆ ಗದ್ದುಗೆ ಸಿಕ್ಕಿತು.

ಆ ಕ್ಲಬ್ಬಿನಲ್ಲಿ ಹಾರಲು ಕಲಿಸುತ್ತಿದ್ದವರು ಕ್ಯಾಪ್ಟನ್ ಸುಮಿತ್ರಾ ಬೆಣಕಲ್. ಗಿಡ್ಡ ಹೆಂಗಸು, ಕೂರಲು ದಿಂಬು ಬೇಕು. ದನಿ ಮಾತ್ರ ಇಡೀ ಮೈದಾನಕ್ಕೆ ಕೇಳಬೇಕು. ನನ್ನ ಹತ್ತಿರ ಒಂದು ಸ್ಪ್ಯಾನರ್ ಬಂದರೂ ಸಿಡಿದು ಬೀಳುತ್ತಿದ್ದರು. ಸ್ಟೀಲ್ ಡಬ್ಬಿ ಕೂಡದು, ಬೀಗದ ಕೈ ಕೂಡದು. "ಇದು ಭಾಳ ಸೂಕ್ಷ್ಮ ಐತಿ. ಕಬ್ಬಿಣ ಕಂಡ್ರ ತಲಿ ತಿರಗತೈತಿ ಇದಕ್ಕ," ಎಂದು ನನ್ನನ್ನು ಬಾಣಂತಿಯ ಹಾಗೆ ಜೋಪಾನ ಮಾಡಿದರು.

ನನ್ನ ಕೆಳಗೆ ಗೈರೋ ಎಂಬ ಮುದುಕನಿದ್ದ. ಅವನೂ ದಿಕ್ಕು ತೋರಿಸುವವನೇ, ಆದರೆ ಸ್ವಂತ ತಿಳಿವಳಿಕೆ ಇಲ್ಲ. ಹೊಟ್ಟೆಯೊಳಗೆ ಬುಗುರಿ ತಿರುಗಿಸಿಕೊಂಡು, ಹೇಳಿಕೊಟ್ಟ ದಿಕ್ಕನ್ನು ನೆನಪಿಟ್ಟುಕೊಳ್ಳುತ್ತಿದ್ದ, ಬರಬರುತ್ತ ಮರೆಯುತ್ತಿದ್ದ. ಆಗಾಗ ನನ್ನನ್ನು ನೋಡಿ ಅವನನ್ನು ತಿದ್ದಬೇಕಿತ್ತು. ಅದಕ್ಕೇ ಸುಮಿತ್ರಾ ಕಲಿಯಲು ಬಂದವರಿಗೆಲ್ಲ ಒಂದು ಮಾತು ಬಾಯಿಪಾಠ ಮಾಡಿಸಿದ್ದರು. "ಗೈರೋ ಮರೀತದ, ದಿಕ್ಸೂಚಿ ಮರಿಯಂಗಿಲ್ಲ." ಅದನ್ನು ಕೇಳಿದಾಗಲೆಲ್ಲ ನನಗೆ ಒಳಗೊಳಗೇ ಹಿಗ್ಗು. ಸುಳ್ಳೇಕೆ ಹೇಳಲಿ?

ಖಂಡೇ ಪೂಜೆ, ಅಂದರೆ ಆಯುಧಪೂಜೆ, ಬಂತು. ವಿಮಾನ ತೊಳೆದರು, ಕುಂಕುಮ ಹಚ್ಚಿದರು, ಚಕ್ರದಡಿ ನಿಂಬೆಹಣ್ಣಿಟ್ಟರು. ಹಾರಲು ಕಲಿಯುತ್ತಿದ್ದ ಸೋಮಲಿಂಗ ಕಡಪಟ್ಟಿ ಎಂಬ ಹುಡುಗನ ತಾಯಿ ಗೌರವ್ವ ಬುತ್ತಿ ಕಟ್ಟಿಕೊಂಡು ಬಂದಿದ್ದಳು. ಮರುದಿನ ವಿಜಯದಶಮಿ, ಮಗ ಮೊದಲ ಸಲ ದೂರದ ಊರಿಗೆ, ಬೆಳಗಾವಿಗೆ, ಸುಮಿತ್ರಾರ ಜೊತೆ ಹಾರುವವನಿದ್ದ. ಅವಳು ಸೆರಗಿನಿಂದ ಒಂದು ಪುಟ್ಟ ಹನುಮಪ್ಪನನ್ನು ತೆಗೆದಳು. ಕಾರಿನಲ್ಲಿ ಇಡುತ್ತಾರಲ್ಲ, ಆ ಥರದ್ದು. ಅವನ ಪೀಠದಲ್ಲಿ ಅಯಸ್ಕಾಂತ, ಅದು ಕಚ್ಚಿಕೊಳ್ಳಲು ಅಂಟಿಸುವ ಒಂದು ಕಬ್ಬಿಣದ ಬಿಲ್ಲೆ. ಸೋಮಲಿಂಗ ಅದನ್ನು ಸರಿಯಾಗಿ ನನ್ನ ಕಾಲಬುಡದಲ್ಲೇ ಪ್ರತಿಷ್ಠಾಪಿಸಿದ.

ಬೀಗದ ಕೈಗೂ ಬೈಯುವ ಸುಮಿತ್ರಾ ನೋಡಿದರು. ನೋಡಿ ಕೈ ಮುಗಿದರು! "ಇರ್ಲಿ ಬಿಡು, ಛಲೋ ಆತು," ಎಂದರು. ಅವರನ್ನಾದರೂ ಏನೆನ್ನಲಿ? ದೇವರನ್ನು ಯಾರು ಕಬ್ಬಿಣದ ಲೆಕ್ಕಕ್ಕೆ ಹಿಡಿಯುತ್ತಾರೆ?

ಮರುದಿನ ಆಕಾಶದ ತುಂಬ ಮೋಡ, ಸೂರ್ಯನ ಸುಳಿವಿಲ್ಲ. ರನ್‌ವೇಯಲ್ಲಿ ಪೂರ್ವಕ್ಕೆ ಮುಖ ಮಾಡಿ ನಿಂತಾಗ ನಾನೂ ಗೈರೋನೂ ಒಂದೇ ಮಾತು ಹೇಳಿದೆವು, ಪೂರ್ವ ಎಂದು. ಆ ಹೊತ್ತಿಗೆ ಹನುಮಪ್ಪನ ಎಳೆತವೂ ಉತ್ತರದ ಎಳೆತವೂ ಒಂದೇ ಕಡೆಗಿದ್ದವು ಎಂಬುದು ಯಾರಿಗೂ ಗೊತ್ತಿರಲಿಲ್ಲ, ನನಗೂ. ಹಾರಿದೆವು. ಬೆಳಗಾವಿ ಇರುವುದು ವಾಯವ್ಯಕ್ಕೆ. ಸೋಮಲಿಂಗ ಗೈರೋ ನೋಡಿಕೊಂಡು ವಾಯವ್ಯಕ್ಕೆ ತಿರುಗಿಸಿದ. ನನ್ನನ್ನು ನೋಡಿದರೆ ನಾನು ಉತ್ತರ ಎನ್ನುತ್ತಿದ್ದೇನೆ!

"ಮೇಡಂ, ಇದೊಂದು ಹೇಳತೈತಿ, ಅದೊಂದು ಹೇಳತೈತಿ," ಎಂದ ಸೋಮಲಿಂಗ.

"ಯಾವುದನ್ನ ನಂಬಬೇಕಂತ ಕಲಿಸೀನೋ?"

"ಗೈರೋ ಮರೀತದ, ದಿಕ್ಸೂಚಿ..."

"ಹಾಂ. ಆ ಮುದುಕನ್ನ ತಿದ್ದು."

ಪಾಪ, ಸರಿಯಾಗಿದ್ದ ಗೈರೋನ ಕಿವಿ ಹಿಂಡಿ ನನ್ನ ದಾರಿಗೆ ತಂದರು. ವಿಮಾನ ಎಡಕ್ಕೆ ವಾಲಿತು. ನಾನು ವಾಯವ್ಯ ಎಂದೆ, ಎಲ್ಲರೂ ನಂಬಿದರು.

ಬೆಳಗಾವಿ ಬರುವ ಹೊತ್ತು ಕಳೆಯಿತು. ಬಯಲು ಬರಬೇಕಾದಲ್ಲಿ ಕೆಳಗೆ ಕಾಡು. ಮೋಡ ಒತ್ತಿಕೊಂಡು ಬಂತೆಂದು ನೆಲ ಕಾಣುವಷ್ಟು ಕೆಳಗಿಳಿದರು. ಕಾಡು ಇನ್ನೂ ದಟ್ಟವಾಯಿತು. ರೇಡಿಯೋದಲ್ಲಿ ಬರೀ ಕರಕರ. ಸುಮಿತ್ರಾ ವಿಮಾನವನ್ನು ತಮ್ಮ ಕೈಗೆ ತೆಗೆದುಕೊಂಡು ಸ್ವಲ್ಪ ತಿರುಗಿಸಿ ನೋಡಿದರು. ಗೈರೋ ಒಂದು ಪಾಲು ತಿರುಗಿದರೆ ನಾನು ಎರಡು ಪಾಲು ತಿರುಗಿದೆ. ನನಗೇ ನಾಚಿಕೆಯಾಯಿತು. ಉತ್ತರ ಇಲ್ಲೇ ಇದೆ, ಇಲ್ಲೇ ಎಳೆಯುತ್ತಿದೆ ಎಂದು ಮೈಯೆಲ್ಲ ಹೇಳುತ್ತಿದೆ. ಆದರೂ ಏನೋ ಎಡವಟ್ಟು.

"ಇಲ್ಲಿ ಗುಡ್ಡ ಎಲ್ಲಿಂದ ಬಂದ್ವೋ?" ಎಂದರು ಸುಮಿತ್ರಾ. ಮುಂದಿನ ಕಪ್ಪು ಮೋಡದ ಕೆಳಗೆ ಗುಡ್ಡಗಳ ಬುಡ ಮಾತ್ರ ಕಾಣುತ್ತಿತ್ತು, ತಲೆ ಕಾಣುತ್ತಿರಲಿಲ್ಲ. ಹಿಂದಿರುಗೋಣವೆಂದರೆ ಹಿಂದೆ ಎಂದರೆ ಯಾವ ಕಡೆ? ಇಡೀ ಮೈದಾನಕ್ಕೆ ಕೇಳುವ ಆ ದನಿ ಇಷ್ಟು ಸಣ್ಣಗಾದದ್ದನ್ನು ನಾನು ಕೇಳಿರಲಿಲ್ಲ. ಇಬ್ಬರ ಜೀವ ನನ್ನ ಒಂದು ಮಾತಿನ ಮೇಲೆ ನಿಂತಿತ್ತು, ನನಗೆ ಆ ಮಾತು ಗೊತ್ತಿರಲಿಲ್ಲ. ಅಯ್ಯೋ, ಯಾಕಾದರೂ ಹುಟ್ಟಿದೆನೋ ಅನ್ನಿಸಿತು.

ಸೋಮಲಿಂಗನಿಗೆ ಮಾಡಲು ಬೇರೇನೂ ತೋಚಲಿಲ್ಲ. ಹನುಮಪ್ಪನನ್ನು ಕಿತ್ತು ಎದೆಗೆ ಒತ್ತಿಕೊಂಡು ಕಣ್ಣು ಮುಚ್ಚಿದ.

ನಾನು ಗಿರ್ರನೆ ತಿರುಗಿಬಿಟ್ಟೆ.

"ಏ ಸೋಮ್ಯಾ! ಏನ್ ಮಾಡಿದಿ?"

"ಏನೂ ಇಲ್ರಿ ಮೇಡಂ. ಹನುಮಪ್ಪಗ ಬೇಡ್ಕೊಂಡೆ," ಎಂದು ಅವನು ಹೆದರಿ ಮೂರ್ತಿಯನ್ನು ಮತ್ತೆ ಇದ್ದಲ್ಲಿ ಇಟ್ಟ. ನಾನು ಮತ್ತೆ ತಿರುಗಿದೆ, ಮೊದಲಿದ್ದ ಕಡೆಗೇ.

ಸುಮಿತ್ರಾ ನನ್ನನ್ನು ನೋಡಿದರು, ಹನುಮಪ್ಪನನ್ನು ನೋಡಿದರು. "ಮತ್ತೊಮ್ಮೆ ಎತ್ತು."

ಎತ್ತಿದ. ಈಗ ನಾನು ಹೇಳಿದ್ದು ಪಶ್ಚಿಮ. ಹೆಚ್ಚು ಕಡಿಮೆ ನೆಟ್ಟಗೆ ಪಶ್ಚಿಮ.

"ಅಯ್ಯ ಶಿವನೇ! ಘಟ್ಟದಾಗ ಹೊಂಟೀವಲ್ಲೋ! ಇಡಬ್ಯಾಡ ಅದನ್ನ ಅಲ್ಲಿ. ಹಿಂದ ಒಗಿ!"

"ದೇವರನ್ನ ಹೆಂಗ ಒಗೀಲ್ರೀ?"

"ಹಂಗಾರ ಸೀಟಿನ ಕೆಳಗ ಇಡು!"

"ಕಾಲಾಗ ಇಡೂದೇನ್ರೀ?"

ಗುಡ್ಡ ಎದುರಿಗೆ ಬರುತ್ತಿದೆ, ಇವರದು ಈ ವಾದ! ಕೊನೆಗೆ ಸೋಮಲಿಂಗ ಅಂಗವಸ್ತ್ರದಂತೆ ಕರವಸ್ತ್ರ ಹೊದಿಸಿ, ಕೈ ಚಾಚಿ, ಬಾಲದ ಕಡೆಯ ಕೊಕ್ಕೆಗೆ ಹನುಮಪ್ಪನನ್ನು ತೂಗುಹಾಕಿದ. ಸುಮಿತ್ರಾ ಆಗಲೇ ವಿಮಾನವನ್ನು ಬಲಕ್ಕೆ ಮಗ್ಗುಲು ಮಾಡಿದ್ದರು. ಮರದ ತುದಿಗಳು ರೆಕ್ಕೆಯ ಕೆಳಗೇ ಹಾದುಹೋದವು. ನಾನು ವಾಯವ್ಯ, ಉತ್ತರ, ಈಶಾನ್ಯ ದಾಟಿ ಪೂರ್ವ ಎಂದೆ. ಕಾಡು ತೆಳುವಾಯಿತು, ರೈಲು ಹಳಿ ಕಂಡಿತು, ಆಮೇಲೆ ಕಪ್ಪು ಎರೆಹೊಲ. ಸುಮಿತ್ರಾ ಅಳುತ್ತಲೇ ನಕ್ಕರು. "ಸರಿ ಇದ್ದಂವಗ ತಿದ್ದು ಅಂದೆನಲ್ಲೋ," ಎಂದು ಗೈರೋನ ಗಾಜು ಸವರಿದರು.

ಇಳಿದ ಮೇಲೆ ಒಂದೇ ಘಟನೆಗೆ ಎರಡು ಕಥೆಯಾದವು. ಅಯಸ್ಕಾಂತ ಕೊಲ್ಲುವುದರಲ್ಲಿತ್ತು ಎಂದು ಸುಮಿತ್ರಾ ಪಾಠ ಮಾಡಿದರು. ಹನುಮಪ್ಪನೇ ದಾರಿ ತೋರಿಸಿದ ಎಂದು ಗೌರವ್ವ ಊರಿಗೆಲ್ಲ ಸಕ್ಕರೆ ಹಂಚಿದಳು. ನನ್ನನ್ನು ಬಿಚ್ಚಿ ಪರೀಕ್ಷೆ ಮಾಡಿದರು, ದೋಷವಿಲ್ಲ ಎಂದರು. ಆದರೂ ನನ್ನನ್ನು ಮತ್ತೆ ಕೂರಿಸಲು ಯಾರಿಗೂ ಮನಸ್ಸಾಗಲಿಲ್ಲ. ಕಪಾಟು ಸೇರಿದೆ. ಪೈಲಟ್ ಆದ ಮೇಲೆ ಸೋಮಲಿಂಗನೇ ಬಂದು ನನ್ನನ್ನು ಕೇಳಿ ಪಡೆದು ಮನೆಗೆ ಒಯ್ದ.

ಈಗ ನಾನಿರುವುದು ಗೌರವ್ವನ ದೇವರ ಜಗಲಿಯ ಮೇಲೆ, ಅದೇ ಹನುಮಪ್ಪನ ಪಕ್ಕದಲ್ಲಿ. ಜಗಲಿಯ ಮೇಲೆ ಅವನನ್ನು ಎಲ್ಲಿಗೆ ಸರಿಸಿದರೂ ನನ್ನ ಮುಖ ಅವನ ಕಡೆಗೇ. ಒಮ್ಮೆ ಸುಮಿತ್ರಾ ಮನೆಗೆ ಬಂದಾಗ ಗೌರವ್ವ ತೋರಿಸಿದಳು. "ನೋಡ್ರಿ ಬಾಯಾರ, ಇದಕ್ಕ ಎಷ್ಟ್ ಭಕ್ತಿ ಐತಿ!" ಸುಮಿತ್ರಾ ಬಾಯಿ ತೆರೆದರು, ಸೋಮಲಿಂಗ ಕಣ್ಣು ಮಿಟುಕಿಸಿದ. ಸುಮಿತ್ರಾ "ಹೌದ್ರೀ, ಭಾಳ ಐತಿ," ಎಂದು ಚಹಾ ಕುಡಿದರು.

ಹಾರಲು ಹೋಗುವ ಮುನ್ನ ಸೋಮಲಿಂಗ ಇವತ್ತಿಗೂ ಜಗಲಿಯ ಮುಂದೆ ನಿಲ್ಲುತ್ತಾನೆ. ಹನುಮಪ್ಪನನ್ನು ಎತ್ತಿ ಎದೆಗೆ ಹಿಡಿಯುತ್ತಾನೆ. ನಾನು ತಿರುಗಿ ನಿಲ್ಲುತ್ತೇನೆ. ಮತ್ತೆ ಇಡುತ್ತಾನೆ, ನಾನು ಮತ್ತೆ ತಿರುಗುತ್ತೇನೆ. "ದೇವರಿಗೆ ಯಾಕೋ ತ್ರಾಸ ಕೊಡ್ತಿ?" ಎಂದು ತಾಯಿ ಗದರುತ್ತಾಳೆ. ಅವನು ನನ್ನನ್ನೇ ದಿಟ್ಟಿಸುತ್ತಾನೆ.

ಅವನು ಏನು ನೋಡುತ್ತಾನೋ ನನಗೆ ಗೊತ್ತಿಲ್ಲ. ನನ್ನ ಭಯ ಬೇರೆ. ಹನುಮಪ್ಪ ದೂರ ಇದ್ದಾಗ ಇದೇ ಉತ್ತರ ಎಂದು ನನಗೆ ಖಾತ್ರಿ ಇರುತ್ತದೆ. ಅವನು ಪಕ್ಕಕ್ಕೆ ಬಂದಾಗಲೂ ಅಷ್ಟೇ ಖಾತ್ರಿ ಇರುತ್ತದೆ.