ಗುಡ್ಡ ಹತ್ತದ ಸೋಮವಾರ

"ಸುಮ್ನ ಕುಂತವರ ರಕ್ತ ಹಿಂಗ ಇರಂಗಿಲ್ಲಕ್ಕಾ," ಎಂದಳು ಸೌಜನ್ಯ, ಕಾಗದದ ಮೇಲೆ ಪೆನ್ನು ಕುಟ್ಟುತ್ತ. "ಓಡಿ ಬಂದವರದ ಇದ್ದಂಗೈತಿ."

ಜಂಬಮ್ಮ ಕಾಗದಕ್ಕೆ ಬಗ್ಗಿದಳು. ಅಷ್ಟೊಂದು ಅಂಕಿ ತನ್ನ ರಕ್ತದವೇ ಎಂದು ಒಂದು ಕಡೆ ಹೆಮ್ಮೆ, ಇನ್ನೊಂದು ಕಡೆ ದಿಗಿಲು.

ಹೊಸಪೇಟೆಯ ಕಾಲೇಜೊಂದರ ಹಾಸ್ಟೆಲಿನಲ್ಲಿ ಅವಳು ಅಡುಗೆಯವಳು, ದಿನಕ್ಕೆ ಇನ್ನೂರು ರೊಟ್ಟಿ ಬಡಿಯುವ ಕೈ. ಸೌಜನ್ಯ ಅದೇ ಕಾಲೇಜಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದ ಹುಡುಗಿ. ಹೆಂಗಸರು ಸೈಕಲ್ ತುಳಿಯುವಾಗ ಶ್ರಮ ಹೆಚ್ಚಿದಂತೆ ರಕ್ತದಲ್ಲಿ ಬೆಳವಣಿಗೆಯ ಹಾರ್ಮೋನು ಎಷ್ಟು ಹೆಚ್ಚುತ್ತದೆ ಎಂಬುದು ಅವಳ ಹುಡುಕಾಟ. ಬೆಳೆದು ಮಕ್ಕಳನ್ನು ಹೆತ್ತವಳಿಗೆ ಇನ್ನೆಂಥ ಬೆಳವಣಿಗೆ ಎಂದು ಜಂಬಮ್ಮ ಮೊದಲ ದಿನವೇ ಕೇಳಿದ್ದಳು. ಅದು ದೊಡ್ಡವರಲ್ಲೂ ಕೊಬ್ಬು ಕರಗಿಸುತ್ತದೆ, ಎಲುಬು ಕಾಯುತ್ತದೆ ಎಂದು ಉತ್ತರ ಬಂದಿತ್ತು. ನಿಂತಲ್ಲೇ ನಿಲ್ಲುವ ಸೈಕಲ್ಲನ್ನು ಒಂದು ದಿನ ಜೋರು, ಒಂದು ದಿನ ಮಧ್ಯಮ, ಒಂದು ದಿನ ನಿಧಾನ, ಹೀಗೆ ಅರ್ಧರ್ಧ ಗಂಟೆ ತುಳಿಯಬೇಕು. ಮೊದಲೂ ಆಮೇಲೂ ರಕ್ತ ಕೊಡಬೇಕು.

"ಅಷ್ಟು ತುಳಿದು ಎಲ್ಲಿ ಮುಟ್ಟಿದಿಲೇ, ಕಂಪ್ಲಿಗಾ?" ಎಂದು ಜೊತೆಗೆ ಅಡುಗೆ ಮಾಡುವ ದುರ್ಗಕ್ಕ ಕಾಲೆಳೆಯುತ್ತಿದ್ದಳು. ಆದರೆ ಜಂಬಮ್ಮನಿಗೆ ಆ ಅರ್ಧ ಗಂಟೆಯ ರುಚಿ ಹತ್ತಿಬಿಟ್ಟಿತ್ತು. ಅಲ್ಲಿ ಯಾರೂ ಸಾರು ಕೇಳುವುದಿಲ್ಲ. ತನ್ನ ಎದೆ ಬಡಿಯುವುದು ತನಗೇ ಕೇಳುತ್ತದೆ.

ಈಗ ಅದಕ್ಕೇ ಕುತ್ತು ಬಂದಿತ್ತು. ಜೋರು ತುಳಿದ ದಿನ ಎಲ್ಲರಂತೆ ಅವಳ ಹಾರ್ಮೋನೂ ಏರಿತ್ತು, ಮಧ್ಯಮದ ದಿನ ಅದಕ್ಕಿಂತ ಕಡಿಮೆ. ನಿಧಾನದ ದಿನ ಮಾತ್ರ ಪೆಡಲಿಗೆ ಕಾಲಿಡುವ ಮೊದಲೇ ಏರಿ ಕೂತಿತ್ತು. ಕಾರಣ ಸಿಗದಿದ್ದರೆ ಜಂಬಮ್ಮನ ಹೆಸರು ಕೈಬಿಡಬೇಕೆಂದು ಗೈಡ್ ಹೇಳಿದ್ದರಂತೆ.

ತಿಂದಿದ್ರಾ, ಚಹಾ ಕುಡಿದಿದ್ರಾ ಎಂದು ಸೌಜನ್ಯ ಕೇಳಿದರೆ ಇಲ್ಲ. ವ್ಯಾಯಾಮ ಮಾಡಿದ್ರಾ ಎಂದರೆ, ಅಂದು ಫಾರಂನಲ್ಲಿ ಬರೆಸಿದಂತೆ ಇಂದೂ ಇಲ್ಲ. ಕೊನೆಗೆ ಸೌಜನ್ಯ ಅವತ್ತು ಎದ್ದಾಗಿನಿಂದ ಮಾಡಿದ್ದನ್ನೆಲ್ಲ ಸಾಲಾಗಿ ಹೇಳಿಸಿದಳು. ಜಂಬಮ್ಮ ಹೇಳಿದಳು: ಜಳಕ ಮಾಡಿದ್ದು, ರಂಗೋಲಿ ಹಾಕಿದ್ದು, ಜಂಬುನಾಥನ ಗುಡ್ಡ ಹತ್ತಿ ಕಾಯಿ ಒಡೆಸಿದ್ದು, ಹೊತ್ತಾಯಿತೆಂದು ದಡದಡ ಇಳಿದು ನೇರ ಇಲ್ಲಿಗೆ ಬಂದಿದ್ದು.

ಪೆನ್ನು ನಿಂತಿತು. "ಗುಡ್ಡ ಹತ್ತಿದ್ರಾ?"

"ಸೋಮವಾರ ಅಲ್ಲೇನ್ರಿ ಮೇಡಂ. ದೇವ್ರಿಗೆ ಹೋಗೋದು ಯಾವ ವ್ಯಾಯಾಮ?"

ಸೌಜನ್ಯ ನಕ್ಕು ನಕ್ಕು ಕುರ್ಚಿಗೆ ಒರಗಿದಳು. ಕಾರಣ ಸಿಕ್ಕಿತು, ಹೆಸರು ಉಳಿಯಿತು. ಆದರೆ ನಿಧಾನದ ಸರದಿ ಮತ್ತೊಮ್ಮೆ ಆಗಬೇಕು. ಮುಟ್ಟಿನ ದಿನಗಳ ಜೊತೆ ಹಾರ್ಮೋನೂ ಏರಿಳಿಯುವುದರಿಂದ, ಅದೂ ತಿಂಗಳಿನ ಅವೇ ದಿನಗಳಲ್ಲಿ, ಮುಟ್ಟು ಮುಗಿದ ವಾರದಲ್ಲಿ. ಎಣಿಸಿ ನೋಡಿದರೆ ಆ ವಾರ ಸೈಕಲ್ ಖಾಲಿ ಇದ್ದದ್ದು ಒಂದೇ ಬೆಳಿಗ್ಗೆ, ಸೋಮವಾರ.

ಮದುವೆಯಾಗಿ ಹದಿನೈದು ವರ್ಷ, ಜಂಬಮ್ಮ ಗುಡ್ಡ ತಪ್ಪಿಸಿದವಳಲ್ಲ. ತೌರಿನವರು ಹೆಸರಿಟ್ಟಿದ್ದೂ ಆ ದೇವರದೇ. ಮನೆಯಲ್ಲಿ ಹೇಳಿದಾಗ ಅತ್ತೆ ಯಮನಮ್ಮ ದೇವರಿಗಿಂತ ಸೈಕಲ್ ಹೆಚ್ಚಾಯಿತೇ ಎಂದು ಸಿಡುಕಿದಳು. ಮರುದಿನ ತಾನಾಗಿಯೇ ಬಂದು, ಆ ಸೋಮವಾರ ಕಾಯಿ ತಾನು ಒಯ್ಯುತ್ತೇನೆ, ಆಟೋದಲ್ಲಿ ಹೋಗುತ್ತೇನೆ, ನೀನು ನಿನ್ನ ಸೈಕಲ್ ತುಳಿ ಎಂದಳು.

ಆ ದಿನ ಮೊದಲ ರಕ್ತ ಕೊಡುವ ಮುನ್ನ ಜಂಬಮ್ಮ ಪ್ರಯೋಗಾಲಯದ ಕುರ್ಚಿಯಲ್ಲಿ ಅರ್ಧ ಗಂಟೆ ಸುಮ್ಮನೆ ಕೂರಬೇಕಿತ್ತು. ಕೆಲಸವಿಲ್ಲದೆ ಕೂತು ಗೊತ್ತಿಲ್ಲದ ಮೈ, ಹತ್ತೇ ನಿಮಿಷಕ್ಕೆ ತೂಕಡಿಸಿತು. ಸೌಜನ್ಯ ಭುಜ ಅಲುಗಿಸಿದಳು.

"ನಿದ್ದಿ ಬ್ಯಾಡಕ್ಕಾ, ನಿದ್ದಿಯಾಗೂ ಅದು ಏರ್ತೈತಿ."

"ಅಡ್ಡಾಡಂಗಿಲ್ಲ, ಮಲಗಂಗಿಲ್ಲ. ಈ ಹಾರ್ಮೋನಿಗಿಂತ ನಮ್ಮತ್ತಿ ಎಷ್ಟೋ ಚಲೋ ಬಿಡ್ರಿ."

ರಕ್ತ ತೆಗೆದಾಯಿತು. ಜಂಬಮ್ಮ ಸೆರಗು ಸಿಕ್ಕಿಸಿ ಸೈಕಲ್ ಏರಿದಳು. ನಿಧಾನ ತಪ್ಪದಿರಲೆಂದು ಬೀಸುವ ಕಲ್ಲಿನ ಪದವೊಂದನ್ನು ಗುನುಗತೊಡಗಿದಳು. ಪದದ ಜೊತೆ ಕಾಲುಗಳು ತಿರುಗಿದವು, ಸೈಕಲ್ಲಿನ ತೆರೆಯ ಮೇಲಿನ ವೇಗದ ಅಂಕಿ ಅತ್ತಿತ್ತ ಅಲುಗಲಿಲ್ಲ. ಅರ್ಧ ಗಂಟೆ ಮುಗಿದು ಯಂತ್ರ ಬೀಪ್ ಎಂದಾಗ ಪದ ಇನ್ನೂ ಎರಡು ಸಾಲು ಬಾಕಿ ಇತ್ತು. ಅದನ್ನು ಮುಗಿಸಿಯೇ ಅವಳು ಕಾಲು ಇಳಿಸಿದಳು.