ನನ್ನ ಕಂಬಕ್ಕೆ ಹಣೆಯಿಟ್ಟವರು

ನಾನು ಒಂದು ಉಕ್ಕಿನ ರೋಲರ್ ಕೋಸ್ಟರ್. ರೈಲಿನ ಹಳಿ ನೆಟ್ಟಗೆ ಹುಟ್ಟಿ ನೆಟ್ಟಗೆ ಮಲಗುತ್ತದೆ. ನನ್ನನ್ನು ಮಾತ್ರ ಹುಟ್ಟುವಾಗಲೇ ಬಗ್ಗಿಸಿದರು. ಹಾಲೆಂಡ್ ದೇಶದ ಒಂದು ಕಾರ್ಖಾನೆಯಲ್ಲಿ ಉಕ್ಕಿನ ಕೊಳವೆಗಳನ್ನು ಒಂದೊಂದಾಗಿ ಯಂತ್ರದ ಬಾಯಿಗೆ ಕೊಟ್ಟರು. ಒಂದು ಬಿಲ್ಲಿನಂತಾಯಿತು, ಇನ್ನೊಂದು ಕುಡುಗೋಲಿನಂತೆ, ಮತ್ತೊಂದು ತೊಟ್ಟಿಲ ಕಮಾನಿನಂತೆ. ನೋವಾಯಿತೇ ಎಂದು ಕೇಳಬೇಡಿ. ಕಚಗುಳಿಯಾಯಿತು!

ಸಮುದ್ರದ ದಡದ ಒಂದು ಊರಿನಲ್ಲಿ ನನ್ನನ್ನು ಮೊದಲು ನಿಲ್ಲಿಸಿದರು. ನೂರ ಹತ್ತು ಅಡಿ ಎತ್ತರ, ಅರವತ್ತೆರಡು ಕಂಬ, ನಡುವೆ ಒಂದು ಪೂರ್ತಿ ಸುತ್ತು. ಸರಪಳಿಯು ಬಂಡಿಯನ್ನು ಟಕ್ ಟಕ್ ಟಕ್ ಎಂದು ಮೇಲಕ್ಕೆಳೆಯಿತು. ತುದಿಯಲ್ಲಿ ಒಂದು ಉಸಿರಿನಷ್ಟು ಹೊತ್ತು ಎಲ್ಲವೂ ಸುಮ್ಮನಾಯಿತು. ಆಮೇಲೆ ಬಿಟ್ಟಿತು ನೋಡಿ! ಮೊದಲ ದಿನ ಅರಚಿದ್ದು ಜನವೋ ನಾನೋ, ನನಗೇ ತಿಳಿಯಲಿಲ್ಲ. ಆ ಸುಖಕ್ಕೆ ನಾನು ಆವತ್ತೇ ಸೋತುಹೋದೆ. ಚಳಿಗಾಲದ ಐದು ತಿಂಗಳು ಬೆನ್ನ ಮೇಲೆ ಹಿಮ ಹೊತ್ತು ನಿಲ್ಲುವಾಗ ನನಗಿದ್ದದ್ದು ಒಂದೇ ಧ್ಯಾನ: ಮತ್ತೆ ಯಾವಾಗ ಓಟ?

ಇಪ್ಪತ್ತು ವರ್ಷದ ಮೇಲೆ ಆ ಪಾರ್ಕು ಮುಚ್ಚಿತು. ನನ್ನನ್ನು ಬಿಚ್ಚಿ, ತುಂಡಿಗೊಂದು ದಪ್ಪ ಕಾಗದದ ಚೀಟಿ ಕಟ್ಟಿ, ಹಡಗಿಗೆ ತುಂಬಿದರು. ಚೆನ್ನೈ ಬಂದರಿನಿಂದ ಹದಿಮೂರು ಲಾರಿಗಳಲ್ಲಿ ಬಂದು ನಾನು ಇಳಿದದ್ದು ಶಿರಾ ದಾರಿಯ ಪಕ್ಕ, ಜಾಲಿ ಗಿಡಗಳ ನಡುವಿನ ಒಂದು ಬಯಲಿನಲ್ಲಿ. ಅಲ್ಲಿ ‘ಆನಂದವನ’ ಎಂಬ ಹೊಸ ಪಾರ್ಕು ಏಳುತ್ತಿತ್ತು. ಬಿಸಿಲು ಅಂದರೆ ಬಿಸಿಲು! ಹಿಮ ಹೊತ್ತ ಬೆನ್ನಿಗೆ ಅದು ದೇವರು ಕೊಟ್ಟ ಕಂಬಳಿಯ ಹಾಗಿತ್ತು.

ಇಳಿದ ಮೂರನೇ ದಿನ ಅನಾಹುತವಾಯಿತು. ಪಕ್ಕದ ಹಳ್ಳಿಯ ಆಡುಗಳು ಬಂದು ನನ್ನ ಚೀಟಿಗಳನ್ನೆಲ್ಲ ತಿಂದುಬಿಟ್ಟವು. ಯಾವ ತುಂಡು ಎಲ್ಲಿಗೆ ಸೇರಬೇಕೆಂದು ಅವುಗಳ ಮೇಲೆಯೇ ಬರೆದಿತ್ತು. ಪಾರ್ಕಿನ ಮ್ಯಾನೇಜರ್ ಪಂಚಾಕ್ಷರಿ ತಲೆಯ ಮೇಲೆ ಕೈ ಹೊತ್ತುಕೊಂಡು ಕೂಗಾಡಿದರು:

“ಏನಮ್ಮಾ ಇದು! ನಿನ್ನ ಆಡು ಇಂಗ್ಲಿಷೆಲ್ಲಾ ತಿಂದು ಹಾಕೈತಲ್ಲ!”

ಆಡು ಕಾಯುವ ಅಜ್ಜಿ ಕೋಲೂರಿ ನಿಂತು ಹೇಳಿದಳು: “ಇಂಗ್ಲಿಷ್ ತಿಂದ್ರೂ ಅದು ‘ಮ್ಯಾ’ ಅಂತಲೇ ಅನ್ನಾದು ಕಣಪ್ಪಾ. ನೀನ್ಯಾಕೆ ಹಿಂಗೆ ಬಡ್ಕಂತೀಯ?”

ಆಗ ಗೇಟಿನ ಹತ್ತಿರ ಬೆಸುಗೆ ಹಾಕುತ್ತಿದ್ದ ಒಬ್ಬರು ಎದ್ದು ಬಂದರು. ಸಣಕಲು ಮೈ, ಕಿವಿಯಲ್ಲಿ ಬಂಗಾರದ ಒಂಟಿ, ಕೈಯಲ್ಲಿ ಪುಟ್ಟ ಸುತ್ತಿಗೆ. ಹೆಸರು ಕಾಳಾಚಾರಿ.

“ಸಾರ್, ನಮ್ಮದು ನಾಗಮಂಗಲದ ಕಂಚುಗಾರರ ಮನೆ. ಗಂಟೆ ಎರಕ ಹುಯ್ದು, ತಟ್ಟಿ ಕೇಳಿ ಕೊಡೋರು. ಜೋಡಿ ಕೊಳವೆ ಆದ್ರೆ ಒಂದೇ ದನಿ ಕೊಡ್ತದೆ. ತಟ್ಟಿ ನೋಡ್ಲಾ?”

ತಟ್ಟಿದರು. ಣಂಯ್! ಹುಟ್ಟಿದಾಗಿನಿಂದ ನನ್ನನ್ನು ಅಳೆದವರು ಬಹಳ ಮಂದಿ, ತೂಗಿದವರೂ ಬಹಳ ಮಂದಿ. ನಾನು ಏನು ಹೇಳುತ್ತೇನೆಂದು ಕೇಳಿದವರು ಅವರೊಬ್ಬರೇ. ದನಿಗೆ ದನಿ ಕೂಡಿಸಿ, ಎಡಕ್ಕೆ ಬಲವನ್ನು ಹುಡುಕಿ, ಆರು ದಿನದಲ್ಲಿ ನನ್ನನ್ನು ನೆಲದ ಮೇಲೆ ಸಾಲಾಗಿ ಮಲಗಿಸಿದರು. ಎಂಜಿನಿಯರುಗಳು ನಕ್ಷೆ ಹಿಡಿದು ಬಂದು ನೋಡಿದರು. ಒಂದೂ ತಪ್ಪಿರಲಿಲ್ಲ.

ನಿಲ್ಲಿಸಿದ ಮೇಲೆ ಒಂದು ಬೋಲ್ಟು ಉಳಿಯಿತು. “ಅಲ್ಲಿಂದ್ಲೇ ಒಂದು ಜಾಸ್ತಿ ಬಂದಿರ್ಬೇಕು ಬಿಡ್ರೀ” ಎಂದರು ಪಂಚಾಕ್ಷರಿ. “ಉಳಿದಿದ್ದು ಯಾವುದೂ ಜಾಸ್ತಿ ಅಲ್ಲ ಸಾರ್” ಎಂದು ಕಾಳಾಚಾರಿ ಆ ಬೋಲ್ಟನ್ನು ಅಂಗಿ ಜೇಬಿನಲ್ಲಿಟ್ಟುಕೊಂಡು ಎರಡು ದಿನ ನನ್ನ ಮೈಯೆಲ್ಲ ಹತ್ತಿ ಇಳಿದು, ಅದರ ತೂತನ್ನು ಹುಡುಕಿಯೇ ತೀರಿದರು. ಅವತ್ತೇ ಅವರಿಗೆ ನನ್ನ ಮೇಲ್ವಿಚಾರಣೆಯ ಕೆಲಸ ಸಿಕ್ಕಿತು.

ನನಗೆ ‘ಸಿಡಿಲಮರಿ’ ಎಂದು ಹೆಸರಿಟ್ಟರು. ಆಯುಧಪೂಜೆಯ ದಿನ ಹಳಿಗೆ ವಿಭೂತಿ ಬಳಿದು, ಬಂಡಿಯ ಮೂತಿಗೆ ಸೇವಂತಿಗೆ ಹಾರ ಹಾಕಿ, ಚಕ್ರಕ್ಕೆ ನಿಂಬೆಹಣ್ಣು ಕೊಟ್ಟು, ಕುಂಬಳಕಾಯಿ ಒಡೆದರು. ಬಂಡಿ ಹೊರಡಿಸುವ ಗುಂಡಿಯ ಮುಂದೆ ಶಿರಾದ ಜುಬೇದಾ ಎಂಬಾಕೆ ನಿಂತಳು. ಆಕೆ “ಬಿಸ್ಮಿಲ್ಲಾ” ಎಂದಳು, ಕಾಳಾಚಾರಿ “ತಾಯಿ ಕಾಳಮ್ಮಾ” ಎಂದರು, ನಾನು ಸಿಡಿದೆ!

ಅಲ್ಲಿಂದ ಹದಿನಾಲ್ಕು ವರ್ಷ ನನ್ನ ಹಬ್ಬ. ಸಮುದ್ರದ ಊರಿನವರು ಬರೀ “ಆ” ಎಂದು ಅರಚುತ್ತಿದ್ದರು. ಇಲ್ಲಿಯ ಜನ ಅರಚುವುದರಲ್ಲಿ ಎಷ್ಟು ಬಗೆ! “ಅವ್ವೋ”, “ಗೋವಿಂದಾ”, “ಯಾ ಅಲ್ಲಾ”, “ಜುಂಜಪ್ಪಾ ಕಾಪಾಡಪ್ಪೋ”. ಮದುವೆಯಾಗಿ ನಾಲ್ಕು ದಿನವಾಗಿದ್ದ ಒಬ್ಬ ಮೀಸೆಯವನು ಹೆಂಡತಿಗೆ “ನನ್ನ ಕೈ ಹಿಡ್ಕೋ, ಹೆದರ್ಬೇಡ” ಎಂದು ಧೈರ್ಯ ಹೇಳಿ ಹತ್ತಿಸಿದ. ಇಳಿಯುವಾಗ ಅವನೇ ಅವಳ ಸೆರಗು ಹಿಡಿದಿದ್ದ. ಮಧುಗಿರಿಯ ಒಬ್ಬ ಮುದುಕಮ್ಮ ಇಳಿದವಳೇ, “ದೇವ್ರನ್ನ ಎಪ್ಪತ್ತು ವರ್ಷದಿಂದ ಕರ್ದಿದ್ದೀನಿ ಕಣಮ್ಮ. ಇವತ್ತು ಕರ್ದಂಗೆ ಎಂದೂ ಕರ್ದಿರ್ಲಿಲ್ಲ. ಇನ್ನೊಂದ್ ಸಲ ಬಿಡ್ತೀಯಾ?” ಎಂದು ಜುಬೇದಾಳ ಗಲ್ಲ ಹಿಡಿದಳು. ಆ ಕೂಗನ್ನೆಲ್ಲ ನಾನು ಪ್ರಾರ್ಥನೆ ಎಂದೇ ತಿಳಿದೆ. ನಾಲ್ಕು ನಿಮಿಷಕ್ಕೊಮ್ಮೆ ಇಪ್ಪತ್ತೆಂಟು ಮಂದಿ ಒಟ್ಟಿಗೆ ದೇವರನ್ನು ನೆನೆಯುವ ಜಾಗ ಇನ್ನೆಲ್ಲಿದ್ದೀತು?

ಬೆಳಿಗ್ಗೆ ಪಾರ್ಕು ತೆರೆಯುವ ಮುಂಚೆ ಕಾಳಾಚಾರಿ ಅರವತ್ತೆರಡು ಕಂಬವನ್ನೂ ತಟ್ಟುತ್ತಾ ಬರುವರು. ಬಿಗಿಯಾಗಿದ್ದರೆ ನಾನು ಣಂಯ್ ಎನ್ನುವೆ, ಬೋಲ್ಟು ಸಡಿಲವಾಗಿದ್ದರೆ ಟೊಪ್ ಎನ್ನುವೆ. ಅವರು ಬಿಗಿ ಮಾಡುವರು. ಆಮೇಲೆ ಸೀಟುಗಳಲ್ಲಿ ಮರಳಿನ ಚೀಲ ಕೂರಿಸಿ ಒಂದು ಸುತ್ತು ಓಡಿಸುವರು. ಆಮೇಲೆ ಜನ.

ವರ್ಷ ಕಳೆದಂತೆ ಒಂದು ಬದಲಾವಣೆ ಕಂಡೆ. ಕಾಳಾಚಾರಿ ಸುತ್ತಿಗೆಯಿಂದ ತಟ್ಟಿದ ಮೇಲೆ ಕಂಬಕ್ಕೆ ಹಣೆಯಿಟ್ಟು ಕಣ್ಣು ಮುಚ್ಚತೊಡಗಿದರು. ನೋಡಿದ ಸಿಬ್ಬಂದಿಯೆಲ್ಲ “ಆಚಾರ್ರಿಗೆ ಭಕ್ತಿ ಜಾಸ್ತಿಯಾಯ್ತು” ಎಂದರು. ನಾನೂ ಹಾಗೇ ತಿಳಿದು ಉಬ್ಬಿಹೋದೆ. ಅಬ್ಬಾ, ನಾನೂ ಒಂದು ದೇವರಾದೆನಲ್ಲ ಎಂದು!

ನಿಜ ಕಂಡುಹಿಡಿದವಳು ಜುಬೇದಾ. ಒಂದು ದಿನ ಅವರ ಬೆನ್ನ ಹಿಂದೆ ನಿಂತು ಕೇಳಿದಳು: “ಆಚಾರ್ರೇ, ಟೀ ಬೇಕಾ?” ಉತ್ತರವಿಲ್ಲ. ಮುಂದೆ ಬಂದು, ದುಪಟ್ಟಾವನ್ನು ಬಾಯಿಗೆ ಅಡ್ಡ ಹಿಡಿದು ಮತ್ತೆ ಕೇಳಿದಳು: “ಟೀ ಬೇಕಾ, ವಿಷ ಬೇಕಾ?”

“ಹ್ಞೂ, ಸಕ್ಕರೆ ಕಮ್ಮಿ” ಎಂದರು ಕಾಳಾಚಾರಿ.

ಆಕೆ ನಗಲಿಲ್ಲ. ದುಪಟ್ಟಾ ಇಳಿಸಿ, ತುಟಿ ಕಾಣುವಂತೆ ನಿಧಾನವಾಗಿ ಕೇಳಿದಳು: “ಎಷ್ಟು ದಿನದಿಂದ?”

ಅವರು ತಲೆ ತಗ್ಗಿಸಿದರು. “ಐದು ವರ್ಷ. ಮೊದ್ಲು ಹಕ್ಕಿ ಹೋದ್ವು, ಆಮೇಲೆ ಜನ. ತಟ್ಟಿ ಹಣೆ ಇಟ್ರೆ ಇದೊಂದು ಇನ್ನೂ ಕೇಳ್ಸ್ತದೆ, ಮೂಳೆ ಒಳಗೆ. ಈ ಕೆಲ್ಸ ಹೋದ್ರೆ ಪ್ರಪಂಚದಲ್ಲಿ ನನಗೆ ಇನ್ನೇನೂ ಕೇಳ್ಸಲ್ಲ, ಜುಬೇದಮ್ಮ.”

“ಇಪ್ಪತ್ತೆಂಟು ಜನರ ಜೀವ ಇದು ಆಚಾರ್ರೇ! ಆಟ ಅಲ್ಲ.”

“ಪರೀಕ್ಷೆ ಮಾಡು ಹಂಗಾರೆ.”

ಮಂಗಳವಾರ ಪಾರ್ಕಿಗೆ ರಜೆ. ಅವರನ್ನು ಗೋಡೆಯ ಕಡೆಗೆ ತಿರುಗಿಸಿ ನಿಲ್ಲಿಸಿ, ಜುಬೇದಾ ಹದಿನೇಳನೇ ಕಂಬದ ಒಂದು ಬೋಲ್ಟನ್ನು ಅರ್ಧ ಸುತ್ತು ಸಡಿಲಿಸಿದಳು. ಕಾಳಾಚಾರಿ ಒಂದನೇ ಕಂಬದಿಂದ ಹೊರಟರು. ತಟ್ಟುವುದು, ಹಣೆಯಿಡುವುದು, ಮುಂದೆ ಹೋಗುವುದು. ಹದಿನೇಳಕ್ಕೆ ನಿಂತರು. “ಇಲ್ಲಿ.” ಜುಬೇದಾಳ ಮುಖ ಅರಳಿತು. ಆದರೆ ಅವರು ಅಷ್ಟಕ್ಕೇ ಬಿಡಲಿಲ್ಲ, ಮುಂದೆ ನಡೆದೇ ನಡೆದರು. ಮೂವತ್ತೊಂದಕ್ಕೆ ಮತ್ತೆ ನಿಂತು, “ಇಲ್ಲೂ ಸಡಿಲಿಸಿದ್ದೀಯ. ಒಂದೇ ಅಂದಿದ್ದೆ?” ಎಂದರು.

ಆಕೆ ಅಲ್ಲಿ ಕೈಯನ್ನೇ ಇಟ್ಟಿರಲಿಲ್ಲ! ಸ್ಪ್ಯಾನರ್ ಹಾಕಿ ನೋಡಿದರೆ ಬೋಲ್ಟು ತಾನಾಗಿಯೇ ಸಡಿಲವಾಗಿತ್ತು. ಜುಬೇದಾ ಎರಡೂ ಬೋಲ್ಟನ್ನು ಬಿಗಿ ಮಾಡಿದಳು. ಆಮೇಲೆ ಅಂದಳು: “ನಾನು ಯಾರ್ಗೂ ಹೇಳಲ್ಲ. ಆದ್ರೆ ನಿಮಗೆ ಅನುಮಾನ ಬಂದ ದಿನ, ಕೆಲ್ಸ ಹೋದ್ರೂ ಸರಿ, ಬಾಯಿ ಬಿಡ್ಬೇಕು.”

ಅವರು ನನ್ನ ಮೇಲೆ ಕೈಯಿಟ್ಟು “ಕಾಳಮ್ಮನಾಣೆ” ಎಂದರು.

ಈಗ ನನ್ನ ತಪ್ಪನ್ನು ಒಪ್ಪಿಕೊಳ್ಳಬೇಕು. ಮರುವರ್ಷ ದಸರಾಕ್ಕೆ ಮುಂಚೆ ನಲವತ್ತನೇ ಕಂಬದ ಬೆಸುಗೆಯಲ್ಲಿ ಇರುವೆ ಕಚ್ಚಿದ ಹಾಗೆ ಒಂದು ಚುರುಕು ಶುರುವಾಯಿತು. ದೊಡ್ಡ ಇಳಿತ ಮುಗಿದು ಬಂಡಿಯ ಭಾರವೆಲ್ಲ ಬೀಳುವುದು ಅಲ್ಲೇ. ಬಣ್ಣದ ಅಡಿಯಲ್ಲಿ ಬಿರುಕು ಬಿಡುತ್ತಿದೆ ಎಂದು ನನಗೆ ಗೊತ್ತಾಯಿತು. ಗೊತ್ತಾದರೂ ಬೆಳಿಗ್ಗೆ ತಟ್ಟಿದಾಗ ಮೈ ಬಿಗಿಮಾಡಿ ಣಂಯ್ ಎಂದುಬಿಡುತ್ತಿದ್ದೆ. ಓಟ ನಿಂತುಹೋದರೆ? ಅವರು ಕಿವಿಯನ್ನು ಬಚ್ಚಿಟ್ಟಿದ್ದರು, ನಾನು ಬಿರುಕನ್ನು ಬಚ್ಚಿಟ್ಟೆ.

ದಸರಾ ರಜೆಯ ಭಾನುವಾರ. ಪಾವಗಡದ ಕಡೆಯಿಂದ ಎರಡು ಬಸ್ಸು ಮಕ್ಕಳು ಬಂದಿದ್ದರು. ಗೇಟು ತೆರೆಯುವ ಮುಂಚೆಯೇ ಅವರ ಗಲಾಟೆ ಕೇಳಿ ನನ್ನ ಮೈಯೆಲ್ಲ ಕುಣಿಯುತ್ತಿತ್ತು. ಮರಳಿನ ಚೀಲಗಳ ಬಂಡಿ ಹೊರಟಿತು. ದಿನವೂ ಓಟದ ಹೊತ್ತಿಗೆ ನಿಲ್ದಾಣದಲ್ಲಿ ಜುಬೇದಾಳ ಪಕ್ಕ ನಿಲ್ಲುತ್ತಿದ್ದ ಕಾಳಾಚಾರಿ ಅವತ್ತು ಯಾಕೋ ನಲವತ್ತನೇ ಕಂಬದಲ್ಲೇ ಉಳಿದು ಹಣೆಯಿಟ್ಟಿದ್ದರು. ಬಂಡಿ ಇಳಿಯಿತು. ಸುತ್ತಿಗೆಯ ಏಟಿಗೆ ಮೈ ಬಿಗಿಮಾಡಬಹುದು, ಅಷ್ಟು ಭಾರ ಬಿದ್ದಾಗ ಹೇಗೆ ಮಾಡಲಿ? ನನ್ನ ನಡುಕ ಒಂದು ಕಡೆ ತುಂಡಾಯಿತು. ಅದು ಅವರ ಹಣೆಗೆ ತಾಕಿತು. ಅವರು ಸುಟ್ಟುಕೊಂಡವರ ಹಾಗೆ ಹಿಂದೆ ಸರಿದರು.

ಅವರು ಓಡಿ ನಿಲ್ದಾಣಕ್ಕೆ ಬರುವಷ್ಟರಲ್ಲಿ ಚೀಲಗಳನ್ನು ಇಳಿಸಿ ಮಕ್ಕಳನ್ನು ಕೂರಿಸಿದ್ದರು. ಇಪ್ಪತ್ತೆಂಟು ಬೆಲ್ಟೂ ಬಿಗಿದಾಗಿತ್ತು. ಕಾಳಾಚಾರಿ ಎರಡೂ ಕೈ ಎತ್ತಿ ಬಂಡಿಯ ಮುಂದೆ ನಿಂತರು.

“ಬಿಡ್ಬೇಡ! ನಲವತ್ತರಲ್ಲಿ ಬಿರುಕು ಅದೆ!”

ಪಂಚಾಕ್ಷರಿ ಬಂದರು. “ಏನ್ರೀ ಆಚಾರ್ರೇ, ಈಗ್ತಾನೆ ಚೀಲದ ಓಟ ಸರಿಯಾಗಿ ಆಯ್ತಲ್ಲ! ನಾನೇ ಇಲ್ಲಿ ನಿಂತಿದ್ದೆ, ನನಗೇನೂ ಶಬ್ದ ಕೇಳಿಸ್ಲಿಲ್ಲ.”

ಅವರ ತುಟಿಯನ್ನೇ ನೋಡುತ್ತಿದ್ದ ಕಾಳಾಚಾರಿ ಒಂದು ಗಳಿಗೆ ಸುಮ್ಮನಿದ್ದರು. ತುದಿಯಲ್ಲಿ ಬಂಡಿ ನಿಲ್ಲುತ್ತದಲ್ಲ, ಆ ಒಂದು ಉಸಿರಿನಷ್ಟು.

“ನನಗೂ ಕೇಳಿಸ್ಲಿಲ್ಲ ಸಾರ್. ಆರು ವರ್ಷದಿಂದ ನನಗೆ ಏನೂ ಕೇಳ್ಸಲ್ಲ. ಹಣೆ ಇಟ್ಟು ತಿಳ್ಕೊಳೋದು.”

ಪಂಚಾಕ್ಷರಿಗೆ ಸಿಟ್ಟು ಉಕ್ಕಿತು. “ಕಿವಿ ಕೇಳ್ದಿರೋರು ದಿನಾ ಸೇಫ್ಟಿ ಪುಸ್ತಕಕ್ಕೆ ಸೈನ್ ಹಾಕಿದ್ದಾ? ಸರೀರಿ ಆಚೆ! ಜುಬೇದಾ, ಬಿಡಮ್ಮ ಗಾಡಿ!”

ಜುಬೇದಾ ಯಂತ್ರದ ಬೀಗದ ಕೈಯನ್ನು ಹೊರಗೆಳೆದು ದುಪಟ್ಟಾದ ತುದಿಗೆ ಗಂಟು ಹಾಕಿದಳು. “ಬಿಡಲ್ಲ ಸಾರ್. ಮೊದ್ಲು ನೋಡ್ಸಿ.”

ಮಕ್ಕಳನ್ನು ಇಳಿಸಿದರು. ಅವರ ಮುಖ ಬಾಡಿತು. ಮಧ್ಯಾಹ್ನ ತುಮಕೂರಿನಿಂದ ಎಂಜಿನಿಯರ್ ಬಂದು, ಬಣ್ಣ ಕೆರೆದು, ಬೆಸುಗೆಗೆ ಕೆಂಪು ದ್ರವ ಬಳಿದು ಒರೆಸಿ, ಮೇಲೆ ಬಿಳಿ ಪುಡಿ ಚಿಮುಕಿಸಿದ. ಬಿಳಿಯ ಮೇಲೆ ನಿಧಾನವಾಗಿ ಕೆಂಪು ಗೆರೆಯೊಂದು ಎದ್ದಿತು. ದಾರದಷ್ಟು ಸಣ್ಣ, ಎರಡು ಗೇಣು ಉದ್ದ. ಎಂಜಿನಿಯರ್ ಬೆವರೊರೆಸಿಕೊಂಡು, “ಇವತ್ತು ಸಂಜೆವರೆಗೆ ತಡೀತಿರ್ಲಿಲ್ಲ” ಎಂದ. ಪಂಚಾಕ್ಷರಿ ಪ್ಲಾಟ್‌ಫಾರ್ಮಿನ ಮೆಟ್ಟಿಲಿಗೆ ತಾವೇ ಅಡ್ಡ ಹಗ್ಗ ಕಟ್ಟಿದರು. ಬಸ್ಸಿನ ಕಿಟಕಿಯಿಂದ ಆ ಮಕ್ಕಳು ನನಗೆ ಕೈ ಬೀಸುತ್ತಾ ಹೋದರು. ಬಸ್ಸು ತಿರುವು ದಾಟುವವರೆಗೂ ಅವರ ಹಾಡು ಕೇಳಿಸುತ್ತಿತ್ತು. ಓಟವಿಲ್ಲದೆಯೇ ನನ್ನ ಮೈ ಝುಮ್ಮೆಂದದ್ದು ಅವತ್ತೊಂದೇ ದಿನ.

ನನ್ನ ವಯಸ್ಸಿಗೆ ಹೊಸ ಬೆಸುಗೆ ಹಾಕಿ ನಂಬುವಂತಿಲ್ಲ, ಕತ್ತರಿಸಿ ಗುಜರಿಗೆ ಹಾಕುವುದೇ ಸರಿ ಎಂದು ತೀರ್ಮಾನವಾಯಿತು. ಕಾಳಾಚಾರಿಯನ್ನು ಮೇಲ್ವಿಚಾರಣೆಯಿಂದ ತೆಗೆದು ಕ್ಯಾಂಟೀನಿಗೆ ಹಾಕಿದರು. ಅವರು ಎದುರಾಡಲಿಲ್ಲ. ಮರುವಾರ ಗ್ಯಾಸ್ ಕಟರ್ ಹಿಡಿದವರು ಬಂದರು. ಕಾಳಾಚಾರಿ ದೂರದಲ್ಲಿ ತಟ್ಟೆ ತೊಳೆಯುತ್ತಾ, ಸದ್ದಿಲ್ಲದೆ ಉದುರುವ ಕಿಡಿಗಳನ್ನು ನೋಡುತ್ತಿದ್ದರು. ಜುಬೇದಾ ಪಂಚಾಕ್ಷರಿಯ ಹತ್ತಿರ ಹೋದಳು.

“ಸಾರ್, ಕ್ಯಾಂಟೀನಿಗೆ ಒಂದು ಗಂಟೆ ಬೇಕು. ಊಟದ ಹೊತ್ತು ಯಾರ್ಗೂ ಗೊತ್ತಾಗ್ತಿಲ್ಲ.”

“ಎಲ್ರ ಕೈಯಾಗೂ ಮೊಬೈಲ್ ಐತಲ್ಲಮ್ಮ, ಗಂಟೆ ಯಾಕೆ?”

ಆಕೆ ಕ್ಯಾಂಟೀನಿನ ಕಡೆ ನೋಡಿದಳು. ಪಂಚಾಕ್ಷರಿಯೂ ನೋಡಿದರು. ಕೆಮ್ಮಿದರು. ಆಮೇಲೆ ತಾವೇ ಸೀಮೆಸುಣ್ಣ ಹಿಡಿದು ಬಂದು ನನ್ನ ಒಂದು ತುಂಡಿನ ಮೇಲೆ ಗೀಟು ಹಾಕಿ, ಕಟರ್‌ನವನಿಗೆ ಹೇಳಿದರು: “ಇದನ್ನ ಬಿಡಪ್ಪ. ಗಂಟೆ ಬೇಕೇ ಬೇಕು.”

ಉಳಿದ ನಾನು ಲಾರಿಗಳಲ್ಲಿ ಗುಜರಿಗೆ ಹೋಗಿ ಕರಗಿದೆ. ಯಾವ ಕಿಟಕಿಯ ಸರಳಾಗಿದ್ದೇನೋ, ಯಾವ ಬಾವಿಯ ರಾಟೆಯಾಗಿದ್ದೇನೋ ಶಿವನೇ ಬಲ್ಲ. ಇಲ್ಲಿರುವ ನಾನು ಮೂರು ಮೊಳದ ಕೊಳವೆ. ತುದಿಯ ಇಳಿತ ಶುರುವಾಗುತ್ತಿದ್ದ ಜಾಗದ ತುಂಡು. ಕ್ಯಾಂಟೀನಿನ ಮುಂದೆ ಹೊಂಗೆ ಮರದ ಕೊಂಬೆಗೆ ಸರಪಳಿಯಲ್ಲಿ ತೂಗುತ್ತಿದ್ದೇನೆ.

ದಿನವೂ ಮಧ್ಯಾಹ್ನ ಒಂದು ಗಂಟೆಗೆ ಕಾಳಾಚಾರಿ ಬರುತ್ತಾರೆ. ಅದೇ ಪುಟ್ಟ ಸುತ್ತಿಗೆ. ಣಂಯ್! ಸಿಬ್ಬಂದಿಯೆಲ್ಲ ತಟ್ಟೆ ಹಿಡಿದು ಬರುತ್ತಾರೆ. ಅವರು ಮಾತ್ರ ಸುತ್ತಿಗೆ ಕೆಳಗಿಟ್ಟು, ಎರಡೂ ಕೈಯಲ್ಲಿ ನನ್ನನ್ನು ಹಿಡಿದು ಹಣೆಯಿಡುತ್ತಾರೆ. ಮೊನ್ನೆ ಹೊಸದಾಗಿ ಸೇರಿದ ಅಡುಗೆಯವಳೊಬ್ಬಳು ಜುಬೇದಾಳನ್ನು ಕೇಳಿದಳು: “ಇದ್ಯಾವ ದೇವ್ರಕ್ಕಾ, ಇಷ್ಟು ಹೊತ್ತು ಕೈ ಮುಗಿಯೋದು?”

“ಸುಮ್ಕಿರು. ಅವ್ರು ಕೇಳ್ತಾವ್ರೆ” ಎಂದಳು ಜುಬೇದಾ.

ಈಗ ಬಚ್ಚಿಡಲು ನನ್ನಲ್ಲಿ ಏನೂ ಉಳಿದಿಲ್ಲ. ನಾನು ಪೂರ್ತಿ ನಡುಗುತ್ತೇನೆ. ಸರಪಳಿ ಟಕ್ ಟಕ್ ಎನ್ನುತ್ತದೆ, ಎತ್ತರ ಬರುತ್ತದೆ, ಒಂದು ಉಸಿರಿನಷ್ಟು ಹೊತ್ತು ಎಲ್ಲ ಸುಮ್ಮನಾಗುತ್ತದೆ. ಅವರ ಮುಚ್ಚಿದ ರೆಪ್ಪೆ ಅದುರುತ್ತದೆ, ತುಟಿಯಂಚಿನಲ್ಲಿ ನಗು ಏಳುತ್ತದೆ. ಇಗೋ, ಇಬ್ಬರೂ ಒಟ್ಟಿಗೆ ಇಳಿಯುತ್ತಿದ್ದೇವೆ!